7 ತತ್ತಿಯ ಯಂತ್ರ, 42 ತಟ್ಟೆಯ ಮೆಸ್ಸು

ಬುಧವಾರ ಮತ್ತು ಭಾನುವಾರ ನಮ್ಮ ಮೆಸ್ಸಿನಲ್ಲಿ ತತ್ತಿ ಸಾರು. ಆ ಎರಡು ದಿನ ಬೆಳಗಾದರೆ ನನಗೆ ಒಂದೇ ಚಿಂತೆ. ಬೇಳೆ ತಾನೇ ಬೇಯುತ್ತದೆ, ರೊಟ್ಟಿ ಬಡಿಯುವವರು ಹೊತ್ತಿಗೆ ಸರಿಯಾಗಿ ಬರುತ್ತಾರೆ, ಮಸಾಲೆಯನ್ನು ಹಿಂದಿನ ರಾತ್ರಿಯೇ ರುಬ್ಬಿ ಇಟ್ಟಿರುತ್ತೇನೆ. ಚಿಂತೆಯೆಲ್ಲ ತತ್ತಿಯ ಸಿಪ್ಪೆಯದು.

ಧಾರವಾಡದ ಸಪ್ತಾಪುರದಲ್ಲಿ ನಾನು ಮೆಸ್ಸು ನಡೆಸಲು ತೊಡಗಿ 11 ವರ್ಷವಾಯಿತು. ಊಟಕ್ಕೆ ಬರುವವರೆಲ್ಲ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಹುಡುಗ ಹುಡುಗಿಯರು. ಕೆಎಎಸ್, ಪಿಎಸ್‌ಐ, ಎಫ್‌ಡಿಎ ಎಂದು ಒಬ್ಬೊಬ್ಬರದು ಒಂದೊಂದು ಗುರಿ. ರಾಯಚೂರು, ಯಾದಗಿರಿ, ಗದಗ, ಹಾವೇರಿ ಕಡೆಯಿಂದ ಬಂದು, ಚಿಕ್ಕ ಕೋಣೆಗಳಲ್ಲಿ ಇಬ್ಬಿಬ್ಬರು ಮೂವರು ಸೇರಿ ಇದ್ದು, ಮನೆಯಿಂದ ಬರುವ ದುಡ್ಡನ್ನು ಎಣಿಸಿ ಎಣಿಸಿ ಖರ್ಚು ಮಾಡುವ ಮಕ್ಕಳು. ಈಗ 42 ಜನರಿದ್ದಾರೆ. ಅವರಲ್ಲಿ ಆರು ಜನ ತತ್ತಿ ಮುಟ್ಟುವುದಿಲ್ಲ, ಅವರಿಗೆ ಬೇರೆ ಪಲ್ಯ ಮಾಡುತ್ತೇನೆ. ಉಳಿದವರಲ್ಲಿ ಕೆಲವರು ಎರಡು ಕೇಳುತ್ತಾರೆ. ಒಟ್ಟು 48 ತತ್ತಿ ಬೇಯಿಸಿ ಸುಲಿಯಬೇಕು.

ಸಿಪ್ಪೆ ಬಿಡದ ತತ್ತಿಯನ್ನು ಕೈಯಲ್ಲಿ ಹಿಡಿದವರಿಗೆ ನನ್ನ ಸಂಕಟ ಗೊತ್ತು. ಕಟ್ಟೆಗೆ ತಟ್ಟಿ, ಹೆಬ್ಬೆರಳಿನಿಂದ ಚಿಪ್ಪನ್ನು ಎತ್ತಿದರೆ ಅದರ ಬೆನ್ನಿಗೇ ಬಿಳಿಯ ಒಂದು ಹೋಳು ಎದ್ದು ಬರುತ್ತದೆ. ಚಿಪ್ಪು ಅಕ್ಕಿನುಚ್ಚಿನಷ್ಟು ಸಣ್ಣ ಚೂರಾಗಿ ಉಗುರಿನ ಸಂದಿಗೆ ಸೇರಿ ಚುಚ್ಚುತ್ತದೆ. ಅರ್ಧ ಸುಲಿಯುವಷ್ಟರಲ್ಲಿ ಬಿಳಿಯ ಗೋಡೆ ಹರಿದು ಹಳದಿ ಇಣುಕುತ್ತದೆ. ಅಂಥದ್ದನ್ನು ಕುದಿಯುವ ಸಾರಿಗೆ ಬಿಟ್ಟರೆ ಹಳದಿ ಕಳಚಿ ಪುಡಿಯಾಗಿ, ಎಣ್ಣೆ ತೇಲುತ್ತಿದ್ದ ಕೆಂಪು ರಸವೆಲ್ಲ ಮಂಕಾಗುತ್ತದೆ. ಒಂದೊಂದು ವಾರ 48ರಲ್ಲಿ ಹದಿನೈದು ಇಪ್ಪತ್ತು ತತ್ತಿ ಹೀಗಾಗುತ್ತಿದ್ದವು. ತೀರಾ ಹರಿದವನ್ನು ನಾವು ಮನೆಯವರು ತಿನ್ನುತ್ತಿದ್ದೆವು, ಉಳಿದವು ತಟ್ಟೆಗೆ ಹೋಗುತ್ತಿದ್ದವು.

ಕಳೆದ ವರ್ಷ ಶ್ರಾವಣ ಮುಗಿದ ಮೇಲಿನ ಮೊದಲ ಭಾನುವಾರ, ರಾಯಚೂರು ಕಡೆಯ ಒಬ್ಬ ಹುಡುಗಿ ತಟ್ಟೆ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದಳು. "ಕಾಕೂ, ಇದನ್ನು ಯಾರಾದರೂ ಕಚ್ಚಿದ್ದಾರೆಯೇ?" ಎಂದು ಮೆಲ್ಲಗೆ ಕೇಳಿದಳು. ದೂರು ಹೇಳುವ ದನಿ ಅದಾಗಿರಲಿಲ್ಲ, ನಿಜವಾಗಿಯೂ ಅವಳಿಗೆ ಅನುಮಾನ ಬಂದಿತ್ತು. ನಾನು ಬೇರೆ ತತ್ತಿ ಹಾಕಿ ಕಳಿಸಿದೆ. ಆದರೆ ಆ ರಾತ್ರಿ ಪಾತ್ರೆ ತೊಳೆಯುವಾಗಲೂ ಆ ಮಾತು ಕಿವಿಯಲ್ಲಿತ್ತು. ದುಡ್ಡು ಕೊಟ್ಟು ಉಣ್ಣುವ ಮಗುವಿಗೆ ಎಂಜಲಿನ ಅನುಮಾನ ಬರುವಂಥದ್ದನ್ನು ನಾನು ಬಡಿಸಿದ್ದೆನಲ್ಲ ಎಂದು ಸಂಕಟವಾಯಿತು.

ಬೆಂಗಳೂರಿನಲ್ಲಿರುವ ಮಗಳಿಗೆ ಫೋನಿನಲ್ಲಿ ಇದನ್ನು ಹೇಳಿದೆ. ವಾರದೊಳಗೆ ಒಂದು ಡಬ್ಬಿ ಬಂತು. ತತ್ತಿ ಬೇಯಿಸುವ ವಿದ್ಯುತ್ ಯಂತ್ರ, ಎಲ್ಲರೂ ಎಗ್ ಬಾಯ್ಲರ್ ಎನ್ನುವಂಥದ್ದು. ಬೆಲೆ 649 ರೂಪಾಯಿ. "ಅವ್ವಾ, ಇದರಲ್ಲಿ ಬೇಯಿಸಿದರೆ ಸಿಪ್ಪೆ ಅಂಗಿ ಕಳಚಿದ ಹಾಗೆ ಬರುತ್ತದೆ" ಎಂದಳು. ನಾಲ್ಕು ತಿಂಗಳು ವಾರಕ್ಕೆ ಐದಾರು ಸಲ ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಬರೆಯುತ್ತಿಲ್ಲ. ಹೆಸರು ಬೇರೆ ಬೇರೆಯಾದರೂ ಇದೇ ಅಚ್ಚಿನ, ಇದೇ ಬೆಲೆಯ ಯಂತ್ರಗಳು ಅಂಗಡಿಗಳಲ್ಲಿ ಸಾಲಾಗಿ ಕಾಣುತ್ತವೆ. ನಾನು ಹೇಳುವುದರಲ್ಲಿ ಹೆಚ್ಚಿನದು ಅವುಗಳಿಗೂ ಹೊಂದುತ್ತದೆ.

ಯಂತ್ರ ತುಂಬಾ ಸರಳ. ಕೆಳಗೆ ಒಂದು ಚಿಕ್ಕ ತಟ್ಟೆಯಷ್ಟು ಅಗಲದ ಕಾಯುವ ಫಲಕ, ಅದರ ಮೇಲೆ ಏಳು ತತ್ತಿ ನಿಲ್ಲಿಸುವ ತೂತಿನ ಜಾಲರಿ, ಅದರ ಮೇಲೆ ಒಳಗೆಲ್ಲ ಕಾಣುವ ಪ್ಲಾಸ್ಟಿಕ್ ಮುಚ್ಚಳ. ಮುಚ್ಚಳದ ನೆತ್ತಿಯಲ್ಲಿ ಹಬೆ ಹೋಗಲು ಒಂದು ರಂಧ್ರ. ಜೊತೆಗೆ ನೀರು ಅಳೆಯುವ ಒಂದು ಪುಟ್ಟ ಲೋಟ, ಅದರ ತಳದಲ್ಲಿ ತತ್ತಿಗೆ ಚುಚ್ಚುವ ಸೂಜಿ. ಗಡಿಯಾರವಿಲ್ಲ, ತಿರುಗಿಸುವ ಗುಂಡಿಯೂ ಇಲ್ಲ. ಇರುವುದು ಒಂದೇ ಸ್ವಿಚ್ಚು.

ಗಡಿಯಾರವಿಲ್ಲದೆ ಎಷ್ಟು ಬೆಂದಿದೆ ಎಂದು ಇದಕ್ಕೆ ಹೇಗೆ ತಿಳಿಯುತ್ತದೆ? ಮೊದಲ ದಿನ ನನಗೂ ಇದೇ ಪ್ರಶ್ನೆ ಬಂತು. ಉತ್ತರ ನೀರಿನಲ್ಲಿದೆ. ಲೋಟದ ಗೆರೆಯವರೆಗೆ ಅಳೆದು ಹಾಕಿದ ನೀರು ಕುದಿದು ಹಬೆಯಾಗಿ ಹೋಗುವವರೆಗೆ ಫಲಕದ ಬಿಸಿ ನೀರಿನ ಕುದಿಬಿಂದುವನ್ನು ಹೆಚ್ಚೇನೂ ದಾಟುವುದಿಲ್ಲ. ನೀರು ಪೂರ್ತಿ ಆರಿದ ಕೂಡಲೇ ಫಲಕದ ಬಿಸಿ ಸರ್ರನೆ ಏರುತ್ತದೆ. ಒಳಗಿರುವ ಥರ್ಮೋಸ್ಟಾಟ್ ಅದನ್ನು ಗುರುತಿಸಿ ವಿದ್ಯುತ್ತನ್ನು ಕಡಿಯುತ್ತದೆ, ಸದ್ದು ಮಾಡುತ್ತದೆ. ನೀರೇ ಇದರ ಗಡಿಯಾರ. ಗಟ್ಟಿಯಾಗಿ ಬೇಯಬೇಕಾದರೆ ಹೆಚ್ಚು ನೀರು, ಹಳದಿ ಮೆತ್ತಗಿರಬೇಕಾದರೆ ಕಡಿಮೆ ನೀರು.

ಇಷ್ಟು ತಿಳಿದ ಮೇಲೂ ಒಂದು ಸಂಗತಿ ನನ್ನನ್ನು ಎರಡು ದಿನ ಕಾಡಿತು. ಒಂದು ತತ್ತಿ ಇಟ್ಟರೆ ಹೆಚ್ಚು ನೀರು, ಏಳು ಇಟ್ಟರೆ ಕಡಿಮೆ ನೀರು ಎಂದು ಲೋಟದ ಮೇಲೆ ಗೆರೆ ಹಾಕಿದ್ದಾರೆ. ಅಚ್ಚಿನಲ್ಲಿ ತಪ್ಪಾಗಿದೆ ಎಂದೇ ನಾನು ತಿಳಿದಿದ್ದೆ. ಅಡುಗೆಗೆ ನೆರವಾಗುವ ಅಕ್ಕ ಕೂಡ "ಅಕ್ಕಾರೇ, ಇದು ತಲೆಕೆಳಗಾಗಿ ಬರೆದದ್ದು" ಎಂದರು. ಮೂರನೆಯ ದಿನ ಮುಚ್ಚಳಕ್ಕೆ ಕಣ್ಣು ಹತ್ತಿರ ಹಿಡಿದು ಕೂತೆ. ಹಬೆ ಮೇಲೆದ್ದು ತಣ್ಣಗಿನ ಚಿಪ್ಪಿಗೆ ತಾಗಿದೊಡನೆ ಅದರ ಮೇಲೆ ಸಣ್ಣ ಸಣ್ಣ ಹನಿ ಕಟ್ಟಿತು. ಹನಿಗಳು ಒಂದನ್ನೊಂದು ಸೇರಿ, ಚಿಪ್ಪಿನ ಹೊಟ್ಟೆಯ ಮೇಲೆ ಜಾರಿ, ತುದಿಯಲ್ಲಿ ಒಂದು ಗಳಿಗೆ ತೂಗಾಡಿ, ಟಪ್ಪನೆ ಫಲಕಕ್ಕೆ ಬಿದ್ದು ಮತ್ತೆ ಕುದಿಯತೊಡಗಿದವು. ತತ್ತಿಗಳು ಹೆಚ್ಚಿದ್ದಷ್ಟೂ ಹೀಗೆ ತಿರುಗಿ ಬೀಳುವ ನೀರು ಹೆಚ್ಚು. ಅದಕ್ಕೇ ಹಾಕುವ ನೀರು ಕಡಿಮೆ ಸಾಕು. ಒಂದೇ ತತ್ತಿ ಇದ್ದರೆ ಹಬೆಯೆಲ್ಲ ರಂಧ್ರದಿಂದ ಹೊರಗೆ ಹೋಗುತ್ತದೆ. ಗೆರೆ ಹಾಕಿದವರು ಲೆಕ್ಕ ಸರಿಯಾಗಿಯೇ ಹಾಕಿದ್ದಾರೆ.

ಸಿಪ್ಪೆಯ ಮಾತಿಗೆ ಬರುತ್ತೇನೆ. ಮೊದಲ ಸಲ ಬೇಯಿಸಿದ ಏಳರಲ್ಲಿ ಏಳೂ ಚೆನ್ನಾಗಿ ಬಿಟ್ಟವು. ಆದರೆ ಒಂದು ದಿನದ ಅದೃಷ್ಟವನ್ನು ನಂಬಿ ಹೊಗಳಬಾರದು ಎಂದು ಒಂದು ಟ್ರೇಯನ್ನು ಪರೀಕ್ಷೆಗೇ ಇಟ್ಟೆ. ಅಂಗಡಿಗೆ ಅದೇ ಬೆಳಿಗ್ಗೆ ಇಳಿದ 30 ತತ್ತಿಯ ಟ್ರೇ. ಏಳೇಳರಂತೆ ನಾಲ್ಕು ಪಾಲು ಮಾಡಿದೆ, ಉಳಿದ ಎರಡು ಆಮ್ಲೆಟ್ಟಿಗೆ ಹೋದವು. ಒಂದು ಪಾಲನ್ನು ನಮ್ಮ ಹಳೆಯ ಪದ್ಧತಿಯಂತೆ ತಣ್ಣೀರಿನಲ್ಲಿಟ್ಟು ಒಲೆ ಹಚ್ಚಿದೆ. ಎರಡನೆಯದನ್ನು ಕುದಿಯುವ ನೀರಿಗೆ ಸೌಟಿನಿಂದ ಇಳಿಸಿದೆ. ಮೂರನೆಯದು ಯಂತ್ರಕ್ಕೆ. ನಾಲ್ಕನೆಯದನ್ನು ಇಡ್ಲಿ ಪಾತ್ರೆಯ ತಳದಲ್ಲಿ ನೀರು ಕುದಿಸಿ, ಒಂದೇ ತಟ್ಟೆ ಇಳಿಸಿ, ಅದರ ಕುಳಿಗಳಲ್ಲಿ ಕೂರಿಸಿ ಮುಚ್ಚಿದೆ. ನಾಲ್ಕನ್ನೂ ಬೆಂದ ತಕ್ಷಣ ಮಣ್ಣಿನ ಹರವಿಯ ತಣ್ಣೀರಿಗೆ ಹಾಕಿದೆ.

ತಣ್ಣೀರಿನಿಂದ ಶುರುಮಾಡಿದವುಗಳಲ್ಲಿ ಎರಡೇ ಎರಡು ನುಣ್ಣಗೆ ಬಂದವು. ಕುದಿಯುವ ನೀರಿನವುಗಳಲ್ಲಿ ಐದು. ಯಂತ್ರದ್ದರಲ್ಲಿ ಆರು. ಇಡ್ಲಿ ಪಾತ್ರೆಯದರಲ್ಲಿಯೂ ಆರು!

ಎಂಟು ದಿನ ಹೊರಗೇ ಇಟ್ಟ ಇನ್ನೊಂದು ಟ್ರೇಯಲ್ಲಿ ಇದನ್ನೇ ಮತ್ತೆ ಮಾಡಿದೆ. ತಣ್ಣೀರಿನವೂ ಆಗ ಏಳರಲ್ಲಿ ಐದು ಸರಿಯಾಗಿ ಬಂದವು, ಉಳಿದ ಮೂರು ಬಗೆಯವು ಏಳಕ್ಕೆ ಏಳೂ ಬಂದವು. ಏಳೇಳು ತತ್ತಿಯ ಲೆಕ್ಕ ದೊಡ್ಡದಲ್ಲ ಎಂಬುದು ನನಗೂ ಗೊತ್ತು. ಆದರೆ ಅಲ್ಲಿಂದ ನಾಲ್ಕು ತಿಂಗಳು, ವಾರಕ್ಕೆ ಎರಡು ಸಲ 48 ತತ್ತಿ ಸುಲಿದರೂ ಈ ಕ್ರಮ ಬದಲಾಗಲಿಲ್ಲ.

ಇದರ ಕಾರಣ ತಿಳಿದ ಮೇಲೆ ನನಗೆ ಎಷ್ಟೋ ವರ್ಷಗಳ ಗೊಂದಲ ಬಗೆಹರಿಯಿತು. ತತ್ತಿಯ ಚಿಪ್ಪಿನಲ್ಲಿ ಸಾವಿರಾರು ಸೂಕ್ಷ್ಮ ರಂಧ್ರಗಳಿರುತ್ತವೆ. ಕೋಳಿ ಇಟ್ಟ ಹೊಸದರಲ್ಲಿ ಬಿಳಿಯೊಳಗೆ ಇಂಗಾಲದ ಡೈಆಕ್ಸೈಡ್ ಕರಗಿರುತ್ತದೆ. ದಿನ ಕಳೆದಂತೆ ಅದು ಈ ರಂಧ್ರಗಳಿಂದ ಹೊರಟುಹೋಗುತ್ತದೆ, ಬಿಳಿ ಹೆಚ್ಚು ಕ್ಷಾರೀಯವಾಗುತ್ತದೆ. ಪಿಎಚ್ ಅಳತೆಯಲ್ಲಿ ಹೇಳುವುದಾದರೆ ಸುಮಾರು 7.6 ಇದ್ದದ್ದು ಕೆಲವು ದಿನಗಳಲ್ಲಿ 9ನ್ನು ದಾಟುತ್ತದೆ. ಹೊಸ ತತ್ತಿಯ ಬಿಳಿ ಬೇಯುವಾಗ ಚಿಪ್ಪಿನ ಒಳಪೊರೆಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ, ಹಳೆಯದರ ಬಿಳಿ ಅಷ್ಟು ಅಂಟುವುದಿಲ್ಲ. "ತಾಜಾ ತತ್ತಿ ಕೊಡಿ" ಎಂದು ಅಂಗಡಿಯವರನ್ನು ನಾನೇ ಪೀಡಿಸಿ ತರುತ್ತಿದ್ದೆ. ಆಮ್ಲೆಟ್ಟಿಗೆ ಅದು ಸರಿ. ಬೇಯಿಸಿ ಸುಲಿಯುವುದಕ್ಕೆ ವಾರದ ಹಿಂದಿನದೇ ವಾಸಿ.

ಎರಡನೆಯ ಕಾರಣ ಬಿಸಿ ಮುಟ್ಟುವ ಬಗೆಯದು. ತಣ್ಣೀರಿನಲ್ಲಿಟ್ಟು ನಿಧಾನವಾಗಿ ಕಾಯಿಸಿದರೆ ಬಿಳಿಯ ಹೊರಪದರಕ್ಕೆ ಪೊರೆಯ ಜೊತೆ ಬೆಸೆದುಕೊಳ್ಳಲು ಬೇಕಾದಷ್ಟು ಹೊತ್ತು ಸಿಗುತ್ತದೆ. ಒಮ್ಮೆಲೇ ಹಬೆ ಅಥವಾ ಕುದಿನೀರು ಬಡಿದರೆ ಆ ಪದರ ಥಟ್ಟನೆ ಗಟ್ಟಿಯಾಗಿ, ಪೊರೆಯನ್ನು ಹಿಡಿಯದೆ ಒಳಗೆ ಸರಿಯುತ್ತದೆ. ನಮ್ಮ ಅವ್ವ, ಅವರ ಅತ್ತೆ ಎಲ್ಲರೂ ತಣ್ಣೀರಿನಿಂದಲೇ ಶುರುಮಾಡುತ್ತಿದ್ದರು. ಕುದಿನೀರಿಗೆ ಹಾಕಿದರೆ ಒಡೆಯುತ್ತದೆ ಎಂಬ ಅಂಜಿಕೆ. ಅದು ಸುಳ್ಳೂ ಅಲ್ಲ. ಹಬೆಯಲ್ಲಿ ತತ್ತಿಗಳು ಒಂದಕ್ಕೊಂದು ಬಡಿದುಕೊಳ್ಳುವುದಿಲ್ಲವಾದ್ದರಿಂದ ಒಡೆಯುವುದು ಕಡಿಮೆ.

ನೀರಿಗೆ ಉಪ್ಪು ಹಾಕಿದರೆ ಸಿಪ್ಪೆ ಬಿಡುತ್ತದೆ ಎಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ, ನಾನೂ ವರ್ಷಗಟ್ಟಲೆ ಹಿಡಿ ಹಿಡಿ ಹಾಕಿದ್ದೇನೆ. ಸಿಪ್ಪೆಗೆ ಅದರಿಂದ ಏನೂ ಆಗಿದ್ದು ನನಗೆ ಕಾಣಲಿಲ್ಲ. ಚಿಪ್ಪು ಸೀಳಿದರೆ ಹೊರಬರುವ ಬಿಳಿ ಬೇಗ ಗಟ್ಟಿಯಾಗಿ ಸೀಳನ್ನು ಮುಚ್ಚುತ್ತದೆ, ಉಪ್ಪಿನ ಉಪಕಾರ ಅಷ್ಟೇ. ಅಡುಗೆ ಸೋಡಾ ಹಾಕಿಯೂ ನೋಡಿದೆ. ಅದರಿಂದ ಸ್ವಲ್ಪ ಪ್ರಯೋಜನವಿದೆ, ಆದರೆ ತತ್ತಿಗೆ ಗಂಧಕದ ವಾಸನೆ ಹೆಚ್ಚುತ್ತದೆ. ಊಟಕ್ಕೆ ಕೂತವರ ಮುಂದೆ ಆ ವಾಸನೆ ಬೇಡ ಎಂದು ಬಿಟ್ಟೆ.

ಯಂತ್ರದ ಕುಂದುಗಳನ್ನೂ ಹೇಳಬೇಕು. ಮೊದಲನೆಯದು ಅಳತೆ ಲೋಟ. ಗೆರೆಗಳು ಲೋಟದ ಬಣ್ಣದಲ್ಲೇ, ಉಬ್ಬು ಅಚ್ಚಿನಲ್ಲಿ ಇವೆ. ಕನ್ನಡಕ ಹಾಕಿಕೊಂಡು, ಬೆಳಕಿಗೆ ಹಿಡಿದು ಹುಡುಕಬೇಕು. ಜೊತೆಗೆ ಬಂದ ಹಾಳೆಯಲ್ಲಿ ಒಂದಕ್ಷರ ಕನ್ನಡವಿಲ್ಲ. ಅಡುಗೆಮನೆಯಲ್ಲಿ ಇದನ್ನು ದಿನವೂ ಮುಟ್ಟುವವರು ನಮ್ಮ ಅಕ್ಕನಂಥವರು. ಅವರು ಓದಲಾಗದ ಸೂಚನೆ ಇದ್ದೂ ಇಲ್ಲದ ಹಾಗೆ.

ಎರಡನೆಯದು, ಗಟ್ಟಿ ಬೇಯಿಸುವ ಗೆರೆಯವರೆಗೆ ನೀರು ಹಾಕಿದರೆ ತತ್ತಿ ಅಗತ್ಯಕ್ಕಿಂತ ಹೆಚ್ಚು ಬೇಯುತ್ತದೆ. ಹಳದಿಯ ಸುತ್ತ ಬೂದು ಹಸಿರಿನ ಉಂಗುರ ಮೂಡುತ್ತದೆ. ಬಿಳಿಯಲ್ಲಿರುವ ಗಂಧಕವೂ ಹಳದಿಯಲ್ಲಿರುವ ಕಬ್ಬಿಣವೂ ಅತಿಯಾದ ಬಿಸಿಯಲ್ಲಿ ಕೂಡುವುದರಿಂದ ಬರುವ ಬಣ್ಣ ಅದು. ತಿಂದರೆ ಅಪಾಯವಿಲ್ಲ, ಆದರೆ ಹಳದಿ ಒಣಹಿಟ್ಟಿನಂತಾಗಿ ಗಂಟಲಿಗೆ ಹಿಡಿಯುತ್ತದೆ. ಗೆರೆಗಿಂತ ಒಂದು ಚಮಚ ನೀರು ಕಡಿಮೆ ಹಾಕಿ, ಸದ್ದಾದ ಕೂಡಲೇ ಮುಚ್ಚಳ ತೆಗೆದು ತಣ್ಣೀರಿಗೆ ಹಾಕಿದರೆ ಉಂಗುರ ಬರುವುದಿಲ್ಲ. ಮುಚ್ಚಳ ತೆಗೆಯದೆ ಬಿಟ್ಟರೆ ಒಳಗಿನ ಬಿಸಿಯಲ್ಲೇ ಅದು ಬೇಯುತ್ತಲೇ ಇರುತ್ತದೆ.

ಸೂಜಿಯ ಬಗ್ಗೆ ಎಚ್ಚರಿಕೆ ಹೇಳುವುದು ನನ್ನ ಕರ್ತವ್ಯ. ಲೋಟ ತೊಳೆಯುವಾಗ ಅದು ನಮ್ಮ ಅಕ್ಕನ ಬೆರಳಿಗೆ ಚುಚ್ಚಿ ರಕ್ತ ಬಂತು. ಮಕ್ಕಳಿರುವ ಮನೆಯಲ್ಲಿ ಲೋಟವನ್ನು ಎತ್ತರದಲ್ಲಿಡಿ. ತತ್ತಿಯ ದಪ್ಪ ತುದಿಯಲ್ಲಿ ಗಾಳಿಯ ಒಂದು ಗೂಡಿರುತ್ತದೆ. ಅಲ್ಲಿ ಚುಚ್ಚಿದರೆ ಬಿಸಿಗೆ ಹಿಗ್ಗುವ ಗಾಳಿ ಹೊರಗೆ ಹೋಗಿ ಚಿಪ್ಪು ಸೀಳುವುದು ಕಡಿಮೆಯಾಗುತ್ತದೆ, ಬೆಂದ ತತ್ತಿಯ ತಳ ಚಪ್ಪಟೆಯಾಗದೆ ದುಂಡಗೆ ಬರುತ್ತದೆ. ಸುಲಿಯುವುದಕ್ಕೆ ಮಾತ್ರ ಚುಚ್ಚಿದ್ದಕ್ಕೂ ಚುಚ್ಚದ್ದಕ್ಕೂ ನನಗೆ ವ್ಯತ್ಯಾಸ ಕಾಣಲಿಲ್ಲ. ಈಗ ನಾನು ಚುಚ್ಚುವುದನ್ನೇ ಬಿಟ್ಟಿದ್ದೇನೆ.

ಇನ್ನು ನೀರು. ನಳದಲ್ಲಿ ಮಲಪ್ರಭೆಯ ನೀರು ನಮಗೆ ದಿನವೂ ಬರುವುದಿಲ್ಲ, ನಡುವಿನ ದಿನಗಳಿಗೆ ಬೋರಿನ ನೀರು. ಎರಡು ವಾರ ಬೋರಿನ ನೀರನ್ನೇ ಹಾಕಿದ್ದಕ್ಕೆ ಫಲಕದ ಮೇಲೆ ಸುಣ್ಣದಂಥ ಬಿಳಿ ಪದರ ಕಟ್ಟಿತು. ಅದು ದಪ್ಪವಾದಂತೆ ಯಂತ್ರ ಒಂದು ದಿನ ಬೇಗ ಆರುತ್ತಿತ್ತು, ಒಂದು ದಿನ ತಡವಾಗಿ. ಅರ್ಧ ಲಿಂಬೆಹಣ್ಣಿನ ರಸವನ್ನು ಸ್ವಲ್ಪ ನೀರಿಗೆ ಬೆರೆಸಿ ಫಲಕದ ಮೇಲೆ ಸುರಿದು, ಒಂದು ಕುದಿ ಬಂದ ಮೇಲೆ ಸ್ವಿಚ್ಚು ಆರಿಸಿ, ತಣಿದ ನಂತರ ಮೆತ್ತನೆಯ ಬಟ್ಟೆಯಿಂದ ಒರೆಸಿದೆ. ಪದರವೆಲ್ಲ ಎದ್ದು ಬಂತು. ಅಂದಿನಿಂದ ಕುಡಿಯುವ ನೀರನ್ನೇ ಹಾಕುತ್ತೇನೆ. ಬೇಕಾಗುವುದು ಅರ್ಧ ಲೋಟಕ್ಕಿಂತ ಕಡಿಮೆ.

ಮುಚ್ಚಳದ ಹಿಡಿ ಚಿಕ್ಕದು, ಪಕ್ಕದಲ್ಲೇ ಹಬೆಯ ರಂಧ್ರ. ಬಟ್ಟೆ ಹಿಡಿಯದೆ ಎತ್ತಬೇಡಿ.

ವಿದ್ಯುತ್ತಿನ ಖರ್ಚು ಹೆಚ್ಚೇನಿಲ್ಲ. ನನ್ನದು 350 ವ್ಯಾಟಿನದು. ಒಂದು ಸಲಕ್ಕೆ ಸುಮಾರು ಕಾಲು ಗಂಟೆ ಓಡುತ್ತದೆ, ಅಂದರೆ ಒಂದು ಯೂನಿಟ್ಟಿನ ಹತ್ತನೆಯ ಒಂದು ಪಾಲೂ ಆಗುವುದಿಲ್ಲ.

ಆದರೆ ನನಗೆ ಬೇಕಾಗಿದ್ದುದು 48 ತತ್ತಿ. ಏಳರಂತೆ ಬೇಯಿಸಿದರೆ ಏಳು ಸಲ. ಪ್ರತಿ ಸಲ ಕಾಲು ಗಂಟೆ, ನಡುವೆ ಫಲಕ ತಣಿಯಬೇಕು, ನೀರು ಅಳೆಯಬೇಕು. ಎರಡು ತಾಸಿಗೂ ಹೆಚ್ಚು ಹೊತ್ತು ಒಬ್ಬರು ಅದರ ಮುಂದೆಯೇ ಇರಬೇಕು. ಮೆಸ್ಸು ನಡೆಸುವವರು, ಬೀದಿಯಲ್ಲಿ ಗಾಡಿ ಇಟ್ಟವರು, ಬಿರಿಯಾನಿಗೆ ತತ್ತಿ ಬೇಯಿಸುವವರು ಇದನ್ನು ಕೊಳ್ಳಬೇಡಿ. ನಿಮ್ಮ ಕೆಲಸಕ್ಕೆ ಇದು ಸಾಲದು.

ಹಾಗಾದರೆ ನಾನೇನು ಮಾಡಿದೆ? ಪರೀಕ್ಷೆಯಲ್ಲಿ ಯಂತ್ರಕ್ಕೆ ಸರಿಸಮನಾಗಿ ನಿಂತದ್ದು ಇಡ್ಲಿ ಪಾತ್ರೆಯ ಹಬೆ. ಆದರೆ ಇಡ್ಲಿ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದರೆ ನಡುವಿನ ಸಂದಿಯಲ್ಲಿ ತತ್ತಿ ಹಿಡಿಸುವುದಿಲ್ಲ, ಮೇಲಿನ ತಟ್ಟೆ ಓಲಾಡುತ್ತದೆ. ಆದ್ದರಿಂದ ಅಕ್ಕಿ ತೊಳೆದು ಬಸಿಯುವ ಅಗಲವಾದ ಸ್ಟೀಲಿನ ತೂತಿನ ಬುಟ್ಟಿಯನ್ನು ತೆಗೆದುಕೊಂಡೆ. ದೊಡ್ಡ ಬೋಗುಣಿಯಲ್ಲಿ ನಾಲ್ಕು ಬೆರಳು ನೀರು ಹಾಕಿ, ಅದು ಕುದಿದು ಹಬೆ ಜೋರಾಗಿ ಏಳುವವರೆಗೆ ಕಾಯುತ್ತೇನೆ. ಆಮೇಲೆ 24 ತತ್ತಿಗಳನ್ನು ಒಂದೇ ಪದರವಾಗಿ ಬುಟ್ಟಿಯಲ್ಲಿ ಜೋಡಿಸಿ, ಬೋಗುಣಿಯ ಬಾಯಿಗೆ ಕೂರಿಸಿ, ಮೇಲೆ ಭಾರದ ಮುಚ್ಚಳ ಹಾಕುತ್ತೇನೆ. ನೀರು ಬುಟ್ಟಿಯ ತಳವನ್ನು ಮುಟ್ಟಬಾರದು, ಹಬೆ ಪಕ್ಕದಿಂದ ಸೋರಬಾರದು. ಸೋರಿದರೆ ಬೋಗುಣಿಯ ಅಂಚಿಗೆ ಒದ್ದೆ ಬಟ್ಟೆ ಸುತ್ತಬೇಕು, ಬಟ್ಟೆಯ ತುದಿ ಉರಿಗೆ ತಾಗದಂತೆ ಮೇಲೆ ಮಡಚಬೇಕು.

13 ನಿಮಿಷ. ಇಂಟರ್‌ನೆಟ್ಟಿನಲ್ಲಿ ಇದಕ್ಕಿಂತ ಕಡಿಮೆ ಹೊತ್ತು ಹೇಳುವವರಿದ್ದಾರೆ. ಧಾರವಾಡ ಸಮುದ್ರಮಟ್ಟದಿಂದ 700 ಮೀಟರಿಗೂ ಎತ್ತರದಲ್ಲಿದೆ, ನೀರು ಇಲ್ಲಿ 100 ಡಿಗ್ರಿ ಮುಟ್ಟುವ ಮೊದಲೇ ಕುದಿಯುತ್ತದೆ. ಜೊತೆಗೆ 24 ತತ್ತಿಗಳ ತಂಪು ಒಮ್ಮೆಲೇ ಹಬೆಯನ್ನು ಕುಗ್ಗಿಸುತ್ತದೆ. ಫ್ರಿಜ್ಜಿನಿಂದ ತೆಗೆದವಾದರೆ ಇನ್ನೂ ಒಂದೆರಡು ನಿಮಿಷ ಬೇಕು. ನಿಮ್ಮ ಊರಿನಲ್ಲಿ ಒಂದು ತತ್ತಿಯನ್ನು ಮೊದಲು ಒಡೆದು ನೋಡಿ ನಿಮ್ಮ ನಿಮಿಷವನ್ನು ನೀವೇ ಗುರುತು ಮಾಡಿಕೊಳ್ಳಿ.

ಬೆಂದ ಮೇಲೆ ಹರವಿಯ ನೀರು. ನಮ್ಮಲ್ಲಿ ಮಂಜುಗಡ್ಡೆ ಇಲ್ಲ, 48 ತತ್ತಿಗೆ ಸಾಲುವಷ್ಟಂತೂ ಎಲ್ಲಿಂದ ಬರಬೇಕು? ಮಣ್ಣಿನ ಹರವಿಯಲ್ಲಿ ರಾತ್ರಿಯಿಡೀ ತಣಿದ ನೀರು ಸಾಕಾಗುತ್ತದೆ. ಮೊದಲ ನೀರು ಎರಡೇ ನಿಮಿಷದಲ್ಲಿ ಬೆಚ್ಚಗಾಗುತ್ತದೆ, ಅದನ್ನು ಚೆಲ್ಲಿ ಇನ್ನೊಂದು ಸಲ ಹಾಕಬೇಕು. ಹತ್ತು ನಿಮಿಷ ಬಿಟ್ಟು, ದಪ್ಪ ತುದಿಯನ್ನು ಮೊದಲು ತಟ್ಟಿ, ಆಮೇಲೆ ಅಂಗೈ ಕೆಳಗಿಟ್ಟು ಕಟ್ಟೆಯ ಮೇಲೆ ಒಂದು ಉರುಳು ಉರುಳಿಸಬೇಕು. ಗಾಳಿಯ ಗೂಡು ಇರುವ ಕಡೆ ಬಿಳಿ ಚಿಪ್ಪಿಗೆ ತಾಗಿರುವುದಿಲ್ಲ, ಬೆರಳು ಅಲ್ಲಿಂದಲೇ ಒಳಗೆ ಹೋಗಬೇಕು. ಈರುಳ್ಳಿಯ ಪೊರೆಯಂಥ ತೆಳುವಾದ ಪದರವೊಂದು ಬೆರಳಿಗೆ ಸಿಗುತ್ತದೆ. ಚಿಪ್ಪನ್ನು ಬಿಟ್ಟು ಆ ಪೊರೆಯನ್ನು ಹಿಡಿದು ಎಳೆದರೆ ಚಿಪ್ಪು ಅದಕ್ಕೆ ಅಂಟಿಕೊಂಡು ಎರಡು ಮೂರು ದೊಡ್ಡ ಹೋಳಾಗಿ ತಾನೇ ಬರುತ್ತದೆ. ಪೊರೆ ಕೈತಪ್ಪಿದರೆ ಮತ್ತೆ ಚೂರು ಚೂರು. ನೀರಿನೊಳಗೆ ಮುಳುಗಿಸಿ ಸುಲಿದರೆ ಪೊರೆಯ ಕೆಳಗೆ ನೀರು ನುಗ್ಗಿ ಇನ್ನೂ ಹಗುರ.

ಮೊದಲ ಬುಧವಾರ ಹೀಗೆ ಸುಲಿದಾಗ 48ರಲ್ಲಿ ಮೂರು ಮಾತ್ರ ಹರಿದವು. ಮೊದಲು ನಾವಿಬ್ಬರೂ ಕೂತು ಮುಕ್ಕಾಲು ತಾಸು ಹೆಣಗುತ್ತಿದ್ದ ಕೆಲಸವನ್ನು ಅಕ್ಕ ಒಬ್ಬರೇ ಕಾಲು ತಾಸಿನಲ್ಲಿ ಮುಗಿಸಿದರು. "ಅಕ್ಕಾರೇ, ಬೆಂಡೆಕಾಯಿ ಹೆಚ್ಚಿದಷ್ಟೂ ಹೊತ್ತು ಹಿಡಿಯಲಿಲ್ಲ" ಎಂದು ಸುಲಿದ ತತ್ತಿಯ ಬುಟ್ಟಿಯನ್ನು ನನ್ನ ಮುಂದಿಟ್ಟರು. ಬಿಳಿ ಬಿಳಿಯಾಗಿ, ನೀರು ಸವೆಸಿದ ಹೊಳೆಯ ಕಲ್ಲಿನ ಹಾಗೆ ನುಣುಪಾಗಿದ್ದವು. ಸಾರಿಗೆ ಬಿಡುವ ಮೊದಲು ಸ್ವಲ್ಪ ಎಣ್ಣೆಯಲ್ಲಿ ಖಾರಪುಡಿ, ಅರಿಸಿನ ಹಾಕಿ ಹೊರಳಿಸಿದೆ. ಹರಿದ ತತ್ತಿಯನ್ನು ಹೀಗೆ ಹೊರಳಿಸಲು ಆಗುವುದಿಲ್ಲ. ಎಷ್ಟೋ ವರ್ಷಗಳ ನಂತರ ನಮ್ಮ ಸಾರು ನಾನು ಬಯಸಿದ ಹಾಗೆ ಆಯಿತು.

ಗದಗ ಜಿಲ್ಲೆಯ ಹಳ್ಳಿಯಲ್ಲಿರುವ ನಮ್ಮ ವೈನಿ, ಅಂದರೆ ಅತ್ತಿಗೆ, ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾರೆ. ಶಾಲೆಯಲ್ಲಿ ತತ್ತಿ ಕೊಡುವುದು 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ವಾರಕ್ಕೆ ಆರು ದಿನಕ್ಕೆ ಏರಿದ ಮೇಲೆ ಅವರ ಕೈಗೆ ಬಿಡುವಿಲ್ಲ. ಬಾಳೆಹಣ್ಣು ತೆಗೆದುಕೊಳ್ಳುವ ಮಕ್ಕಳನ್ನು ಬಿಟ್ಟರೂ ದಿನಕ್ಕೆ 140 ತತ್ತಿ ಸುಲಿಯಬೇಕು. ದೀಪಾವಳಿಗೆ ಬಂದಾಗ ಅವರ ಬೆರಳ ತುದಿಗಳನ್ನು ನೋಡಿದೆ. ಉಗುರಿನ ಬುಡವೆಲ್ಲ ಚಿಪ್ಪು ಚುಚ್ಚಿ ಕೆಂಪಗಾಗಿತ್ತು. 140 ತತ್ತಿಯನ್ನು ಹಬೆಯಲ್ಲಿ ಬೇಯಿಸುವ ಪಾತ್ರೆ ಅವರಲ್ಲಿಲ್ಲ. "ನೀರನ್ನು ಮೊದಲು ಕುದಿಸಿ ವೈನಿ, ಸ್ವಲ್ಪ ಉಪ್ಪು ಹಾಕಿ, ತತ್ತಿಗಳನ್ನು ತೆಳುವಾದ ಧೋತರದ ಬಟ್ಟೆಯಲ್ಲಿ ಕಟ್ಟಿ ಮೆಲ್ಲಗೆ ಇಳಿಸಿ" ಎಂದೆ. ಮೂವತ್ತು ಮೂವತ್ತರಂತೆ ಗಂಟು ಕಟ್ಟಿ ಇಳಿಸಿದರೆ ಎತ್ತುವುದೂ ಸುಲಭ. ಹದಿನೈದು ದಿನದ ಮೇಲೆ ಫೋನ್ ಮಾಡಿದರು. "ನಾಲ್ಕಾರು ಒಡೆಯುತ್ತವೆ ತಂಗಿ, ಆದರೆ ಸುಲಿಯುವುದು ಹನ್ನೆರಡು ಗಂಟೆಗೆ ಮೊದಲೇ ಮುಗಿಯುತ್ತಿದೆ" ಎಂದರು. ಕಡೆಗೆ ಮನೆಗೆ ಬಂದವರ ಮುಂದೆಲ್ಲ ಇದನ್ನು ಹೇಳತೊಡಗಿದೆ. ಪ್ರತಿದಿನ ನೂರಾರು ತತ್ತಿ ಸುಲಿಯುವ ಕೈಗಳು ನಮ್ಮ ನಾಡಿನಲ್ಲಿ ಎಷ್ಟಿವೆಯೋ, ಅವರಿಗೆ ಇದು ತಲುಪಬೇಕೆಂಬ ಆಸೆಯಿಂದಲೇ ಇಷ್ಟು ಉದ್ದ ಬರೆದದ್ದು.

ಯಂತ್ರ ಯಾರಿಗೆ ಒಳ್ಳೆಯದು? ಎರಡು ಮೂರು ಜನರಿರುವ ಮನೆಗೆ, ಬೆಳಿಗ್ಗೆ ಕೆಲಸಕ್ಕೆ ಓಡುವವರಿಗೆ, ಒಲೆಯ ಮುಂದೆ ನಿಲ್ಲಲಾಗದ ಹಿರಿಯರಿಗೆ ನಿಜವಾಗಿಯೂ ಒಳ್ಳೆಯದು. ಇಟ್ಟು ಮರೆತರೂ ನೀರು ಆರಿ ಪಾತ್ರೆ ಹೊತ್ತುವ ಭಯವಿಲ್ಲ. ಓದುವ ಹುಡುಗರು ಕೋಣೆಯಲ್ಲಿ ಇಡುವುದಾದರೆ ಮನೆಯ ಮಾಲೀಕರನ್ನು ಮೊದಲು ಕೇಳಿ, ಎಷ್ಟೋ ಕಡೆ ಬಿಸಿಮಾಡುವ ಯಾವ ಯಂತ್ರಕ್ಕೂ ಒಪ್ಪಿಗೆಯಿಲ್ಲ. ಮನೆಯಲ್ಲಿ ಹಬೆ ನಿಲ್ಲುವ ಪಾತ್ರೆಯೂ ಒಲೆಯ ಬಳಿ ನಿಲ್ಲಲು ಹೊತ್ತೂ ಇರುವವರು ಈ 649 ರೂಪಾಯಿ ಖರ್ಚು ಮಾಡಬೇಕಾಗಿಲ್ಲ. ಐದರಲ್ಲಿ ಅಂಕ ಕೊಡಬೇಕೆಂದರೆ ಸಣ್ಣ ಮನೆಗೆ ನಾಲ್ಕು, ಮೆಸ್ಸಿಗೆ ಒಂದು.

ನನ್ನ ಯಂತ್ರ ಈಗ ಅವ್ವನ ಕೋಣೆಯಲ್ಲಿದೆ. ಅವರಿಗೆ 78 ವರ್ಷ, ಮಂಡಿ ನೋವು. ದಿನಕ್ಕೊಂದು ತತ್ತಿ ತಿನ್ನಿಸಿ ಎಂದು ವೈದ್ಯರು ಹೇಳಿದ್ದಾರೆ, ಅವರಿಗೆ ಊರಿನಿಂದ ಬರುವ ನಾಟಿ ಕೋಳಿಯ ತತ್ತಿಯೇ ಆಗಬೇಕು. ನಾಟಿ ತತ್ತಿ ಬರುವುದೇ ಹೊಸದಾಗಿ, ಸಿಪ್ಪೆ ಬಿಡಿಸುವುದು ಎಲ್ಲಕ್ಕಿಂತ ಕಷ್ಟ. ಆದ್ದರಿಂದ ಬಂದ ದಿನವನ್ನು ಪೆನ್ಸಿಲಿನಿಂದ ಚಿಪ್ಪಿನ ಮೇಲೆ ಬರೆದು, ಬುಟ್ಟಿಯಲ್ಲಿ ಹಳೆಯವನ್ನು ಮುಂದೆ, ಹೊಸವನ್ನು ಹಿಂದೆ ಇಡುತ್ತೇನೆ. ಅನುಮಾನ ಬಂದರೆ ಒಂದು ಪಾತ್ರೆ ನೀರಿಗೆ ಬಿಟ್ಟು ನೋಡುತ್ತೇನೆ. ಅಡ್ಡಲಾಗಿ ಮಲಗಿದರೆ ಹೊಸದು, ದಪ್ಪ ತುದಿ ಮೇಲೆದ್ದು ಓರೆಯಾಗಿ ನಿಂತರೆ ಬೇಯಿಸಲು ಹದ, ತೇಲಿದರೆ ಎಸೆಯುತ್ತೇನೆ. ಲೋಟದ ಗೆರೆ ಅವ್ವನಿಗೆ ಕಾಣುವುದಿಲ್ಲ. ಒಂದು ತತ್ತಿಗೆ ಎಷ್ಟು ನೀರು ಬೇಕೋ ಅಲ್ಲಿಗೆ ಮಗಳ ಕೆಂಪು ಉಗುರುಬಣ್ಣದಿಂದ ದಪ್ಪವಾಗಿ ಗೆರೆ ಎಳೆದು ಕೊಟ್ಟಿದ್ದೇನೆ, ಸೂಜಿಯ ಮೇಲೆ ಬಿರಡೆಯ ಚೂರೊಂದನ್ನು ಚುಚ್ಚಿ ಮುಚ್ಚಿದ್ದೇನೆ. ಬೆಳಿಗ್ಗೆ ಏಳಕ್ಕೆ ಯಂತ್ರದ ಸದ್ದು ಕೇಳಿದರೆ, ಅವ್ವ ಎದ್ದಿದ್ದಾರೆ ಎಂದು ಅಡುಗೆಮನೆಯಲ್ಲಿದ್ದ ನಮಗೆ ತಿಳಿಯುತ್ತದೆ.